ರೈಲು ನಂಬರಿನ ನಾಲ್ಕನೇ ಬೋಗಿ

ಪವಿತ್ರಳ ಬಿಳಿ ದುಪಟ್ಟಾದ ಮೇಲೆ ಸಗಣಿ ಮೆತ್ತಿಕೊಂಡಿತ್ತು. ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ, ಹಗಲು ಹನ್ನೊಂದು ಗಂಟೆಗೆ, ನೂರು ಜನರ ಕಣ್ಣೆದುರಿಗೆ ಯಾರೋ ಎಸೆದದ್ದು. ಎಸೆದವನನ್ನು ಒಬ್ಬರೂ ತಡೆಯಲಿಲ್ಲ. ಅದನ್ನು ತೊಳೆದುಕೊಳ್ಳದೆ ಹಾಗೇ ನಡೆದು ಬಂದು ಅವಳು ರಾಧಮ್ಮನವರ ಜಗಲಿಯ ಮೇಲೆ ಕುಳಿತಳು. ಕೆಳಗಿನ ಅಂಗಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಮುಕುಂದ್ ಪಾಠ ಬಿಟ್ಟು ಓಡಿ ಬಂದ. ಎರಡು ವರ್ಷದ ಹಿಂದೆ ಅವಳಿಗೆ ಕೀಬೋರ್ಡ್ ಕಲಿಸಿದವನು ಅವನೇ.

"ಅಮ್ಮಾ, ನಾನು ಆ ಮಗೂನ ಕೊಂದಿಲ್ಲ," ಎಂದಳು ಪವಿತ್ರ. ಒಳಗಿನಿಂದ ಬಂದ ರಾಧಮ್ಮ ಅವಳ ಪಕ್ಕ ಕುಳಿತರು.

2003ರ ಸೆಪ್ಟೆಂಬರ್ ಹತ್ತನೇ ತಾರೀಕು ಅದು. ರಾಧಮ್ಮ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ತಂತಿ ಕಳಿಸುವ ಕೆಲಸ ಮಾಡಿ ನಿವೃತ್ತರಾದವರು. ಊರಿಗೆಲ್ಲ ತಂತಿ ರಾಧಮ್ಮ. ಕಳೆದುಹೋದ ಒಡವೆ, ಸಹಿ ಇಲ್ಲದ ಪತ್ರ, ಯಾರೂ ಬಿಡಿಸಲಾರದ ಗೋಜಲು ಏನಿದ್ದರೂ ಜನ ಆ ಜಗಲಿಗೇ ತರುತ್ತಿದ್ದರು. ಅವರ ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲಿ. ಆದರೆ ಕೇಳಬೇಕಾದಾಗ ಅವರಷ್ಟು ಸುಮ್ಮನೆ ಕೂತು ಕೇಳುವವರನ್ನು ಮುಕುಂದ್ ಬೇರೆ ಕಂಡಿರಲಿಲ್ಲ.

"ಮೊದಲು ಮುಖ ತೊಳ್ಕೊ. ಆಮೇಲೆ ಮೊದಲಿಂದ ಹೇಳು," ಎಂದರು ರಾಧಮ್ಮ.

ಪವಿತ್ರ ಹೇಳಿದ್ದು ಇಷ್ಟು. ಕುಡಿಯುವ ನೀರು ಪರೀಕ್ಷಿಸುವ ಒಂದು ಸಂಸ್ಥೆಯ ಮುಳಬಾಗಿಲು ಕೇಂದ್ರದಲ್ಲಿ ಅವಳು ಕಂಪ್ಯೂಟರಿಗೆ ವಿವರ ತುಂಬುವವಳು. (ಆ ಸಂಸ್ಥೆಯ ಹೆಸರು ಬರೆದು ಅದಕ್ಕೆ ಪ್ರಚಾರ ಕೊಡುವ ಮನಸ್ಸಿಲ್ಲ.) ಜೂನ್ ಹನ್ನೆರಡಕ್ಕೆ ತಾಯಲೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಹೊಸ ಬೋರ್‌ವೆಲ್ಲಿನ ನೀರು ಬಾಟಲಿಯಲ್ಲಿ ಬಂತು. ಬಂದ ಕೂಡಲೇ ಅವಳು ಅದಕ್ಕೊಂದು ದಾಖಲೆ ತೆರೆದಳು. ಪರೀಕ್ಷೆ ಮಾಡಿದವರು ಕೇಂದ್ರದ ಮುಖ್ಯಸ್ಥ ಸುಬ್ರಹ್ಮಣ್ಯ. ಎರಡು ದಿನದ ಮೇಲೆ ಅವರು ಹೇಳಿದಂತೆಯೇ ಅವಳು ಅದೇ ದಾಖಲೆಯಲ್ಲಿ 'ಮಲದ ಕ್ರಿಮಿ ಇದೆ, ಕುಡಿಯಲು ಯೋಗ್ಯವಲ್ಲ' ಎಂದು ತುಂಬಿದಳು. ಆಗಸ್ಟಿನಲ್ಲಿ ಆ ಹಾಸ್ಟೆಲಿನ ಹತ್ತೊಂಬತ್ತು ಹುಡುಗಿಯರಿಗೆ ಕಾಮಾಲೆ ಬಂತು. ಇಪ್ಪತ್ತೇಳನೇ ತಾರೀಕು ದೇವರಾಯಸಮುದ್ರದ ಮುನಿರಾಮಪ್ಪನ ಮಗಳು ನಾಗವೇಣಿ ತೀರಿಕೊಂಡಳು. ಹದಿನಾಲ್ಕು ವರ್ಷ.

"ಈಗ ಕಂಪ್ಯೂಟರ್ ತೆಗೆದು ನೋಡಿದ್ರೆ ನನ್ನ ಹೆಸರಲ್ಲಿ 'ಯೋಗ್ಯ' ಅಂತಿದೆ ಅಮ್ಮ. ಸುಬ್ರಹ್ಮಣ್ಯ ಸಾರ್ ಹೇಳ್ತಾರೆ, ನಾನು ಸರಿಯಾಗೇ ಹೇಳಿದ್ದೆ, ಈ ಹುಡುಗಿ ತಪ್ಪು ಹೊಡೆದಿದ್ದಾಳೆ ಅಂತ. ಹಾಸ್ಟೆಲ್ ಅಧ್ಯಕ್ಷರ ಹತ್ರಾನೂ 'ಯೋಗ್ಯ' ಅಂತಿರೋ ಪ್ರಿಂಟೇ ಇದೆ. ಶನಿವಾರ ವಿಚಾರಣೆ. ಆಮೇಲೆ ಪೊಲೀಸ್."

"ನೀನು ತಪ್ಪು ಹೊಡೆದಿರಬಹುದಲ್ಲ?"

ಪವಿತ್ರ ತಲೆಯೆತ್ತಿದಳು. ಕಣ್ಣಲ್ಲಿ ನೀರಿನ ಜತೆ ಸಿಟ್ಟೂ ಇತ್ತು. "ಮಲದ ಕ್ರಿಮಿ ಅಂತ ಹೊಡೆಯೋವಾಗ ನಾನು ಊಟ ಬಿಟ್ಟಿದ್ದೆ ಅಮ್ಮ. ಅಷ್ಟು ಹೇಸಿಗೆ ಆಗಿತ್ತು. ಮರೆಯೋಕಾಗುತ್ತಾ? ಬಾಟಲಿ ಬಂದಿದ್ದೂ ಜ್ಞಾಪಕ ಇದೆ. ತಾಯಲೂರು ಬಸ್ಸು ಒಂದೂ ಮುಕ್ಕಾಲಿಗೆ ಬರುತ್ತೆ, ಅಡುಗೆಯವಳು ತಂದುಕೊಟ್ಟಳು. ನಾನು ಆಗ ಊಟದ ಡಬ್ಬಿ ತೆಗೆದಿದ್ದೆ."

ರಾಧಮ್ಮ ಎದ್ದು ಚಪ್ಪಲಿ ಮೆಟ್ಟಿದರು. "ಮುಕುಂದ, ಸ್ಕೂಟರ್ ತೆಗಿ ಕಣೋ."

ಕೇಂದ್ರವೆಂದರೆ ಎರಡು ಕೋಣೆ. ಅಟೆಂಡರ್ ವೆಂಕಟ್ ಬಾಗಿಲಲ್ಲೇ ನಿಂತಿದ್ದ. ಸುಬ್ರಹ್ಮಣ್ಯ ಅವರು ಐವತ್ತರ ಸಾತ್ವಿಕ ಮುಖದವರು, ಹಣೆಯಲ್ಲಿ ಅಕ್ಷತೆ. ಬಹಳ ಮರ್ಯಾದೆಯಿಂದ ಕೂರಿಸಿದರು. ಅವರ ಮೇಜಿನ ಗಾಜಿನ ಕೆಳಗೆ ಆಹ್ವಾನ ಪತ್ರಿಕೆಗಳ ಸಾಲೇ ಇತ್ತು. ಅದರಲ್ಲೊಂದನ್ನು ಮುಕುಂದ್ ಓದಿದ. ತಾಯಲೂರು ಹಾಸ್ಟೆಲಿನ ಹೊಸ ಕೊಳವೆಬಾವಿಗೆ ಗಂಗಾಪೂಜೆ, ಜೂನ್ ಹದಿನೈದು, ಭಾನುವಾರ. ಕೆಳಗೆ ದೊಡ್ಡಕ್ಷರದಲ್ಲಿ ಅಧ್ಯಕ್ಷ ಕೋದಂಡರಾಮಪ್ಪನವರ ಹೆಸರು.

"ದಾಖಲೆ ನೋಡ್ಬೇಕಾ? ಧಾರಾಳವಾಗಿ ನೋಡಿ ತಾಯಿ. ನನಗೂ ಆ ಹುಡುಗಿ ಮೇಲೆ ಕೋಪ ಇಲ್ಲ, ಕರುಣೆನೇ," ಎಂದು ಸುಬ್ರಹ್ಮಣ್ಯ ಕಂಪ್ಯೂಟರಿನ ಮುಂದೆ ಕುಳಿತರು. ಮೊದಲು ಒಂದು ಹೊಸ ಪುಟ ತೆಗೆದು 'ಶ್ರೀ' ಎಂದು ಹೊಡೆದು, ಉಳಿಸಿ, ಕಣ್ಣಿಗೊತ್ತಿಕೊಂಡು, ಅಳಿಸಿದರು. ಮುಕುಂದನ ಮುಖದಲ್ಲಿ ನಗು ಕಂಡು, "ನಮ್ಮ ತಾತ ಶಾನುಭೋಗರು. ಶ್ರೀಕಾರ ಹಾಕದೆ ಒಂದಕ್ಷರ ಬರೀತಿರ್ಲಿಲ್ಲ. ಅಭ್ಯಾಸ ಬಂದ್ಬಿಟ್ಟಿದೆ," ಎಂದರು. ಆಮೇಲೆ ದಾಖಲೆ ತೆರೆದರು.

ಜೂನ್ 12, ಬೆಳಿಗ್ಗೆ 11.20. ತಾಯಲೂರು ಹಾಸ್ಟೆಲ್. ಕುಡಿಯಲು ಯೋಗ್ಯ. ತುಂಬಿದವರು ಪವಿತ್ರ. ಮೇಲ್ಗಡೆ ಮೂವತ್ತೆರಡು ಅಂಕಿ ಅಕ್ಷರಗಳ ಉದ್ದನೆಯ ಗುರುತಿನ ಸಂಖ್ಯೆ, ನಡುನಡುವೆ ಅಡ್ಡಗೆರೆ ಹಾಕಿ ಐದು ತುಂಡು ಮಾಡಿದ್ದು.

"ಇದೇನಿದು ಇಷ್ಟುದ್ದ?" ಎಂದರು ರಾಧಮ್ಮ.

"ರೈಲು ನಂಬರ್ ಅಮ್ಮೋರೆ," ಎಂದ ಬಾಗಿಲಿನಿಂದ ವೆಂಕಟ್. "ಐದು ಬೋಗಿ ಇದೆಯಲ್ಲ, ಅದಕ್ಕೆ ಹಂಗಂತೀವಿ."

"ಇದನ್ನ ನಾವು ತಿದ್ದೋಕಾಗಲ್ಲ," ಎಂದು ಸುಬ್ರಹ್ಮಣ್ಯ ಒತ್ತಿ ಹೇಳಿದರು. "ಕಂಪ್ಯೂಟರೇ ಹಾಕುತ್ತೆ. ವಾರದ ಕೊನೆಗೆ ಫ್ಲಾಪಿ ಕೋಲಾರಕ್ಕೆ ಹೋದ ಮೇಲೆ ದಾಖಲೆಗೂ ಬೀಗ. ಅಲ್ಲಿಗೆ ಇದು ಸುಳ್ಳಾಗೋ ಪ್ರಶ್ನೆಯೇ ಇಲ್ಲ."

ಪವಿತ್ರಳ ಪಾಸ್‌ವರ್ಡ್ ಕೀಬೋರ್ಡಿನ ಕೆಳಗೆ ಚೀಟಿಯಲ್ಲಿ ಅಂಟಿಸಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹೊರಗೆ ಬಂದಾಗ ರಾಧಮ್ಮ ವೆಂಕಟ್‌ನನ್ನು ಕೇಳಿದರು, "ಬೀಗದ ಕೈ ಯಾರ ಹತ್ರ ಇರುತ್ತಪ್ಪ?"

"ಒಂದು ಸಾರ್ ಹತ್ರ, ಒಂದು ನನ್ನ ಹತ್ರ. ನನ್ನ ಮೇಲೆ ಅನುಮಾನ ಪಡ್ಬೇಡಿ ತಾಯಿ. ಆ ಮಿಶನ್ನು ನಂಗೆ ಧೂಳು ಒರೆಸೋಕೆ ಮಾತ್ರ ಗೊತ್ತು." ತಲೆ ಕೆರೆದುಕೊಂಡ. "ಗೌರಿ ಹಬ್ಬದ ಹಿಂದಿನ ದಿನ, ಶುಕ್ರವಾರ, ಕೋಲಾರದ ವಂಶಿಕೃಷ್ಣ ಸಾರ್ ವೈರಸ್ ಕ್ಲೀನ್ ಮಾಡೋಕೆ ಬಂದಿದ್ರು. ಸಾಯಂಕಾಲ ಅಧ್ಯಕ್ಷರ ಜೀಪೂ ಬಂದಿತ್ತು. ನಾನು ಐದಕ್ಕೇ ಹೋದೆ."

ಆ ಹೆಸರು ಕೇಳಿದ್ದೇ ಮುಕುಂದನಿಗೆ ಬೆಂಕಿ ಹತ್ತಿತು. ವಂಶಿಕೃಷ್ಣ ಅಂದರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೂರೂ ಕೇಂದ್ರಗಳಿಗೆ ಪ್ರೋಗ್ರಾಂ ಬರೆದವನು. "ಅವನೇ ಅಮ್ಮ! ಬೀಗ ಹಾಕಿದ ದಾಖಲೆ ತಿದ್ದೋಕೆ ಇನ್ಯಾರಿಗೆ ಬರುತ್ತೆ? ಅವನ ಕೊರಳಪಟ್ಟಿ ಹಿಡಿದು ಕೇಳೋಣ."

"ಕೇಳೋಣ. ಕೊರಳಪಟ್ಟಿ ಬೇಡ."

ಮರುದಿನ ಕೋಲಾರದ ಮುಖ್ಯ ಕಚೇರಿಯಲ್ಲಿ ವಂಶಿಕೃಷ್ಣ ಸಿಕ್ಕಿದ. ಇಪ್ಪತ್ತೆಂಟರ ಹುಡುಗ, ನಿದ್ದೆಗೆಟ್ಟ ಕಣ್ಣು. ಮುಕುಂದ್ ಬಾಗಿಲಲ್ಲೇ ಶುರು ಮಾಡಿದ, "ಏನ್ರೀ, ಒಂದು ಹೆಣ್ಣುಮಗಳ ಬಾಳು ಹಾಳು ಮಾಡಿ ಇಲ್ಲಿ ಟೀ ಕುಡೀತಿದೀರಾ?" ರಾಧಮ್ಮ ಅವನನ್ನು ಕಣ್ಣಲ್ಲೇ ಕೂರಿಸಿ, "ಆ ರೈಲು ನಂಬರ್ ಹೆಂಗೆ ಹುಟ್ಟುತ್ತೆ ಹೇಳಪ್ಪ," ಎಂದರು.

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಕೇಳಿ ಅವನ ಮುಖವೇ ಬದಲಾಯಿತು. "ಯುಯುಐಡಿ ಅಂತಾರೆ ಮೇಡಂ. ಮೂರು ಊರಲ್ಲಿ ಮೂರು ಕಂಪ್ಯೂಟರ್, ಒಂದಕ್ಕೊಂದು ಸಂಪರ್ಕ ಇಲ್ಲ. ಮೂರರಲ್ಲೂ ಒಂದು, ಎರಡು ಅಂತ ನಂಬರ್ ಹಾಕಿದ್ರೆ ಇಲ್ಲಿ ಮೂರು ಒಂದನೇ ನಂಬರ್ ಬಂದು ಕೂರುತ್ತೆ. ಅದಕ್ಕೆ ಪ್ರತಿ ಕಂಪ್ಯೂಟರೂ ಯಾರನ್ನೂ ಕೇಳದೆ, ಜಗತ್ತಲ್ಲಿ ಇನ್ನೆಲ್ಲೂ ಇರದ ನಂಬರನ್ನ ತಾನೇ ಹುಟ್ಟಿಸ್ಕೊಳ್ಳೋ ಪದ್ಧತಿ. ಮೊದಲ ಮೂರು ತುಂಡಲ್ಲಿ ದಾಖಲೆ ಮೊದಲ ಸಲ ಉಳಿಸಿದ ಸಮಯ ಇರುತ್ತೆ. ಐದನೇದರಲ್ಲಿ ಯಂತ್ರದ ಗುರುತು, ಒಳಗಿನ ಕಾರ್ಡಿಗೆ ಕಾರ್ಖಾನೆಯಲ್ಲೇ ಕೊಟ್ಟಿದ್ದು."

"ತಂತಿ ಥರಾನೇ. ಯಾವ ಆಫೀಸು, ಎಷ್ಟು ಗಂಟೆ ಅಂತ ತಲೆ ಮೇಲೆ ಹಾಕ್ತಿದ್ವಿ," ಎಂದರು ರಾಧಮ್ಮ. "ನಾಲ್ಕನೇ ಬೋಗಿ?"

"ಅದು ಗಡಿಯಾರದ ಕಾವಲು. ಯಾರಾದ್ರೂ ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿದ್ರೆ ಕಳೆದುಹೋದ ಸಮಯ ಮತ್ತೆ ಬರುತ್ತೆ, ಹಳೇ ನಂಬರೇ ಮತ್ತೆ ಹುಟ್ಟಿಬಿಡಬಹುದು. ಹಾಗಾಗದೆ ಇರಲಿ ಅಂತ, ಸಮಯ ಹಿಂದಕ್ಕೆ ಹೋದದ್ದು ಗೊತ್ತಾದ ಕೂಡಲೇ ನಾಲ್ಕನೇ ಬೋಗಿಯ ಅಂಕಿ ಒಂದು ಹೆಚ್ಚಾಗುತ್ತೆ. ಆಮೇಲೆ ಗಡಿಯಾರ ಸರಿ ಮಾಡಿದ್ರೂ ಅದು ಇಳಿಯಲ್ಲ."

ರಾಧಮ್ಮ ಮುಂದಕ್ಕೆ ಬಾಗಿದರು. "ಬೀಗ ಹಾಕಿದ ದಾಖಲೇಲಿ ತಪ್ಪಿದ್ರೆ ಏನ್ಮಾಡ್ತಾರೆ?"

"ತಿದ್ದೋಕಾಗಲ್ಲ. ಅಳಿಸಿ ಹೊಸದಾಗಿ ತುಂಬ್ಬೇಕು. ಅಳಿಸಿದ್ರೆ ವಿಷಯ ಹೋಗುತ್ತೆ, ನಂಬರ್ ಮಾತ್ರ ಒಂದು ಪಟ್ಟಿಗೆ ಸೇರುತ್ತೆ. ಆ ಪಟ್ಟಿ ಫ್ಲಾಪಿಯಲ್ಲಿ ಬಂದಾಗ ಇಲ್ಲೂ ಅದೇ ನಂಬರಿಂದು ತಾನಾಗೇ ಅಳಿಸಿಹೋಗುತ್ತೆ."

"ಜೂನಲ್ಲಿ ಆ ದಾಖಲೆ ಇಲ್ಲಿಗೂ ಬಂದಿತ್ತಲ್ಲ. ಯಾರಾದ್ರೂ ಓದಿದ್ರಾ?"

ವಂಶಿಕೃಷ್ಣ ತಲೆ ತಗ್ಗಿಸಿದ. "ಇಲ್ಲಿ ತಿಂಗಳಿಗೆ ಎಷ್ಟು ಬಾಟಲಿ ಅಂತ ಲೆಕ್ಕ ಹಾಕ್ತಾರೆ ಮೇಡಂ. ಒಳಗೇನಿದೆ ಅಂತ ಯಾರೂ ಓದಲ್ಲ. ಹಳೇ ಫ್ಲಾಪಿನೂ ಅಳಿಸಿ ಮತ್ತೆ ಬಳಸ್ತೀವಿ."

ಹತ್ತೊಂಬತ್ತು ಮಕ್ಕಳು ಕುಡಿಯುವ ನೀರಿನ ವಿಷಯ ಕೋಲಾರದಲ್ಲಿ ಎರಡೂವರೆ ತಿಂಗಳು ಬಿದ್ದಿತ್ತು, ಓದುವವರಿಲ್ಲದೆ. ಮುಕುಂದನಿಗೆ ಮೇಜು ಕುಟ್ಟಬೇಕೆನಿಸಿತು. ರಾಧಮ್ಮ ನಿಜವಾಗಿಯೂ ಕುಟ್ಟಿದರು. ನಂತರ ಮುಳಬಾಗಿಲು ಕೇಂದ್ರದ ಮೂರು ತಿಂಗಳ ನಂಬರುಗಳನ್ನೂ ಅಳಿಸಿದವುಗಳ ಪಟ್ಟಿಯನ್ನೂ, ಪ್ರತಿಯೊಂದರ ಪಕ್ಕ ಅದು ಹುಟ್ಟಿದ ಸಮಯವನ್ನೂ ಪ್ರಿಂಟ್ ಮಾಡಿಸಿ ಚೀಲಕ್ಕೆ ಹಾಕಿಕೊಂಡರು. ಆ ರಾತ್ರಿ ಅವರ ಮನೆಯ ದೀಪ ಆರಲಿಲ್ಲವೆಂದು ಮುಕುಂದನಿಗೆ ಬೆಳಿಗ್ಗೆ ಅವರ ಕಣ್ಣು ನೋಡಿಯೇ ತಿಳಿಯಿತು.

ಶನಿವಾರ ಹತ್ತು ಗಂಟೆಗೆ ಕೇಂದ್ರದಲ್ಲಿ ಎಲ್ಲರೂ ಸೇರಿದರು. ಕೋಲಾರದಿಂದ ಬಂದ ವಿಚಾರಣಾಧಿಕಾರಿ ನಡುವೆ ಕುಳಿತಿದ್ದರು. ಒಂದು ಕಡೆ ಸುಬ್ರಹ್ಮಣ್ಯ, ಇಸ್ತ್ರಿ ಮುರಿಯದ ಬಿಳಿ ಪಂಚೆಯ ಕೋದಂಡರಾಮಪ್ಪ. ಇನ್ನೊಂದು ಕಡೆ ಪವಿತ್ರ, ವೆಂಕಟ್, ವಂಶಿಕೃಷ್ಣ. ಸತ್ತ ಹುಡುಗಿಯ ತಂದೆ ಮುನಿರಾಮಪ್ಪ ಕುರ್ಚಿ ಕೊಟ್ಟರೂ ಕೂರದೆ ಗೋಡೆಗೆ ಒರಗಿ ನಿಂತಿದ್ದ. ಅವನು ಪವಿತ್ರಳನ್ನು ನೋಡುತ್ತಿದ್ದ ರೀತಿಗೆ ಮುಕುಂದನಿಗೆ ಹೆದರಿಕೆಯಾಯಿತು.

"ಅಧ್ಯಕ್ಷರೇ, ನಿಮ್ಮ ಹತ್ರ ಇರೋ ರಿಪೋರ್ಟು ಕೊಡ್ತೀರಾ?" ಎಂದರು ರಾಧಮ್ಮ. "ಯಾವತ್ತು ಕೈಗೆ ಬಂತು?"

"ಜೂನ್ ಹದಿನಾಲ್ಕು. ಪೂಜೆಯ ಹಿಂದಿನ ದಿನ. ಅದನ್ನ ನಂಬ್ಕೊಂಡೇ ಮಕ್ಕಳಿಗೆ ನೀರು ಬಿಟ್ಟಿದ್ದು," ಎಂದು ಕೋದಂಡರಾಮಪ್ಪ ಕಾಗದ ಕೊಟ್ಟರು.

ರಾಧಮ್ಮ ಅದನ್ನು ಮೇಜಿನ ಮೇಲಿಟ್ಟು, ಚೀಲದಿಂದ ಪಟ್ಟಿ ತೆಗೆದು ಪಕ್ಕಕ್ಕೆ ಹಾಸಿದರು.

"ನಾಲ್ಕನೇ ಬೋಗಿ ನೋಡಿ ಸ್ವಾಮಿ. ಜೂನಲ್ಲಿ ಈ ಕೇಂದ್ರದ ಎಲ್ಲಾ ನಂಬರಲ್ಲೂ 9141. ಜುಲೈಯಲ್ಲೂ ಅದೇ. ಆಗಸ್ಟ್ ಇಪ್ಪತ್ತೊಂಬತ್ತು, ಶುಕ್ರವಾರ, ಪವಿತ್ರ ಹಬ್ಬದ ಸಾಮಾನು ತರೋಕೆ ಹೋಗೋ ಮುಂಚೆ ಎರಡೂ ನಲವತ್ತಕ್ಕೆ ತುಂಬಿದ್ದರಲ್ಲೂ 9141. ಶನಿವಾರ ಗೌರಿ, ಭಾನುವಾರ ಗಣೇಶ, ರಜ. ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ತುಂಬಿದ್ದರಲ್ಲಿ 9142. ಅವೆರಡರ ಮಧ್ಯೆ ಯಾರೋ ಗಡಿಯಾರ ಹಿಂದಕ್ಕೆ ತಿರುಗಿಸಿದ್ದಾರೆ. ಈಗ ಈ ಹಾಸ್ಟೆಲಿನ ದಾಖಲೆ ನೋಡಿ. ತಾರೀಕು ಜೂನ್ ಹನ್ನೆರಡು. ನಾಲ್ಕನೇ ಬೋಗಿ 9142. ಜೂನಲ್ಲಿ ಹುಟ್ಟಿದ್ದು ಅಂತ ಹೇಳ್ಕೊಳ್ಳೋ ದಾಖಲೆಗಳಲ್ಲಿ ಹೀಗಿರೋದು ಇದೊಂದೇ. ಮಗು ಸತ್ತ ಮೇಲೆ ಇದನ್ನ ಹುಟ್ಟಿಸಿದ್ದಾರೆ."

ಅಧಿಕಾರಿ ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿದರು.

"ಅಧ್ಯಕ್ಷರ ಕಾಗದದಲ್ಲೂ 9142 ಇದೆ. ಆಗಸ್ಟಲ್ಲಿ ಹುಟ್ಟಿದ ನಂಬರು ಜೂನಲ್ಲಿ ನಿಮ್ಮ ಕೈಗೆ ಹೆಂಗೆ ಬಂತು ಕೋದಂಡರಾಮಪ್ಪನೋರೆ?"

ಕೋದಂಡರಾಮಪ್ಪ ಸುಬ್ರಹ್ಮಣ್ಯ ಅವರ ಕಡೆ ನೋಡಿದರು. ಸುಬ್ರಹ್ಮಣ್ಯ ಮೆಲ್ಲನೆ ಹೇಳಿದರು, "ಹಾಗಾದ್ರೆ ಆ ಶುಕ್ರವಾರ ವಂಶಿಕೃಷ್ಣ ಬಂದಿದ್ರು. ಗಡಿಯಾರ ತಿರುಗಿಸೋದು ಅವರಿಗಲ್ಲದೆ..."

"ನಾಲ್ಕನೇ ಬೋಗಿ ಏನು ಅಂತ ಗೊತ್ತಿದ್ದವನು ಅದನ್ನ ಹಂಗೇ ಬಿಟ್ಟು ಹೋಗ್ತಿದ್ನಾ? ಇದನ್ನೆಲ್ಲ ನನಗೆ ಹೇಳ್ಕೊಟ್ಟವನೇ ಅವನು," ಎಂದರು ರಾಧಮ್ಮ. "ವೆಂಕಟನಿಗೆ ಅಕ್ಷರ ಒತ್ತೋಕೆ ಬರಲ್ಲ. ಪವಿತ್ರನೇ ಮಾಡಿದ್ರೆ ತನ್ನ ಕುತ್ತಿಗೆಗೇ ತಾನು ಹಗ್ಗ ಹಾಕ್ಕೊಂಡ ಹಂಗೆ. ಇರಲಿ, ಊಹೆ ಬೇಡ. ಅಳಿಸಿದ ನಂಬರುಗಳ ಪಟ್ಟಿ ನೋಡೋಣ."

ಸುಬ್ರಹ್ಮಣ್ಯ ಅವರ ಕೈ ಮೇಜಿನ ಗಾಜಿನ ಮೇಲೆ ನಿಂತುಬಿಟ್ಟಿತು. ಅಂಥ ಪಟ್ಟಿಯೊಂದಿದೆಯೆಂಬುದು ಅವರಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

"ಮೂರು ತಿಂಗಳಲ್ಲಿ ಇಪ್ಪತ್ತೆರಡು ನಂಬರ್ ಅಳಿಸಿದ್ದಾರೆ. ಒಂದು, ಜೂನ್ ಹನ್ನೆರಡು, ಮಧ್ಯಾಹ್ನ ಎರಡೂ ಹತ್ತಕ್ಕೆ ಹುಟ್ಟಿದ್ದು. 9141. ಬಸ್ಸು ಒಂದೂ ಮುಕ್ಕಾಲಿಗೆ ಬಾಟಲಿ ತಂದ ಮೇಲೆ ಪವಿತ್ರ ತೆರೆದ ನಿಜವಾದ ದಾಖಲೆ ಇದು. ಸುಳ್ಳು ದಾಖಲೆ ಹನ್ನೊಂದೂ ಇಪ್ಪತ್ತು ಅನ್ನುತ್ತೆ. ಆಗ ಬಾಟಲಿ ಇನ್ನೂ ತಾಯಲೂರಲ್ಲೇ ಇತ್ತು. ಉಳಿದದ್ದು ಇಪ್ಪತ್ತೊಂದು." ರಾಧಮ್ಮನವರ ದನಿ ಏರಿತು. "ಆ ಇಪ್ಪತ್ತೊಂದರಲ್ಲಿ ಇಪ್ಪತ್ತು ನಂಬರ್ ಹುಟ್ಟಿದ ಒಂದೆರಡು ನಿಮಿಷಕ್ಕೆ ಒಂದೊಂದು ದಾಖಲೆ ಇದೆ. ಎಲ್ಲವೂ ಸುಬ್ರಹ್ಮಣ್ಯ ಅವರ ಹೆಸರಲ್ಲಿ. ಯಾಕೆ ಗೊತ್ತಾ? ಕೂತ ತಕ್ಷಣ ಶ್ರೀಕಾರ ಹಾಕಿ ಅಳಿಸ್ತಾರೆ, ಆಮೇಲೆ ಕೆಲಸ. ನಮ್ಮೆದುರಿಗೇ ಹಾಕಿದ್ರು. ಪವಿತ್ರ ಒಂದು ಸಲಾನೂ ಹಾಕಿಲ್ಲ. ಆದರೆ ಇಪ್ಪತ್ತೊಂದನೇದು ನೋಡಿ. ಜೂನ್ ಹನ್ನೆರಡು, ಹನ್ನೊಂದೂ ಹದಿನೆಂಟು, 9142. ಅದಾದ ಎರಡು ನಿಮಿಷಕ್ಕೆ ಹುಟ್ಟಿದ ದಾಖಲೆ ಪವಿತ್ರಳ ಹೆಸರಲ್ಲಿದೆ. ಇದೇ, ಹಾಸ್ಟೆಲಿಂದು."

ರಾಧಮ್ಮ ಸುಬ್ರಹ್ಮಣ್ಯ ಅವರ ಕಡೆ ತಿರುಗಿದರು.

"ಹೆಣದ ಮೇಲೆ ಸುಳ್ಳು ಬರೆಯೋವಾಗ್ಲೂ ಶ್ರೀ ಹಾಕಿದ್ರಲ್ಲ ಸುಬ್ರಹ್ಮಣ್ಯ ಅವರೇ! ದೇವರ ಹೆಸರು ಹೇಳಿ ಒಂದು ಬಡ ಹುಡುಗಿ ತಲೆಗೆ ಕೊಲೆ ಕಟ್ಟಿದ್ರಲ್ಲ! ನಾಚಿಕೆ ಆಗ್ಲಿಲ್ವಾ?"

ಇಲ್ಲಿಂದ ಮುಂದೆ ಅವನಿಗೆ ಬಹುವಚನ ಬೇಡ. ಸುಬ್ರಹ್ಮಣ್ಯ ಎದ್ದು ನಿಂತ, ಕುಳಿತ, ಕೋದಂಡರಾಮಪ್ಪನ ಕಡೆ ತಿರುಗಿ ಕಿರುಚಿದ, "ನೀವೇ ಅಲ್ವೇನ್ರೀ ಹೇಳಿದ್ದು? ರಿಪೋರ್ಟು ಶನಿವಾರಾನೇ ಸಿದ್ಧ ಇತ್ತು. ಫೋನ್ ಮಾಡಿ ಹೇಳಿದೆ. ಕಕ್ಕಸು ಗುಂಡಿ ಪಕ್ಕಾನೇ ಬೋರ್ ಕೊರೆಸಿದೀರ ಅಂದೆ. ಭಾನುವಾರ ಪೂಜೆ ಇದೆ, ಕಾರ್ಡ್ ಹಂಚಿದೀವಿ, ದೊಡ್ಡೋರು ಬರ್ತಾರೆ, ಮುಗಿದ ಮೇಲೆ ಕೊಡಿ ಅಂದ್ರಿ!"

"ಮುಗಿದ ಮೇಲೆ ಕೊಡಿ ಅಂದೆ ಕಣಯ್ಯ, ಕೊಡಬೇಡ ಅಂದ್ನಾ?" ಎಂದು ಕೋದಂಡರಾಮಪ್ಪನೂ ಗದರಿದ. "ನೀನು ಕೊಡಲೇ ಇಲ್ಲ. ಹುಡುಗಿ ಸತ್ತ ಮೇಲೆ ಓಡಿಬಂದು ಹೊಸ ಕಾಗದ ಮಾಡ್ಕೊಡ್ತೀನಿ ಅಂದೋನು ನೀನು!"

"ಮರೆತೆ," ಎಂದ ಸುಬ್ರಹ್ಮಣ್ಯ. ದನಿ ಇಳಿದುಹೋಗಿತ್ತು. "ಡ್ರಾಯರಲ್ಲಿ ಇಟ್ಟಿದ್ದೆ. ಮರೆತುಹೋಯ್ತು."

ಹಗೆಯಿಲ್ಲ, ಆಸೆಯಿಲ್ಲ. ಒಬ್ಬನಿಗೆ ಪೂಜೆಯ ಕಾರ್ಡು, ಇನ್ನೊಬ್ಬನಿಗೆ ಮರೆವು. ಕೊಲೆಗಾರನಾದರೂ ಆಗಿದ್ದರೆ ಮುಕುಂದನಿಗೆ ಬೈಯಲು ಒಂದು ಮಾತು ಸಿಗುತ್ತಿತ್ತು.

ಗೋಡೆಗೆ ಒರಗಿದ್ದ ಮುನಿರಾಮಪ್ಪ ಮೊದಲ ಬಾರಿಗೆ ಮಾತಾಡಿದ. "ಸಾಮಿ, ರಿಪೋರ್ಟು ಸಿದ್ಧ ಆಗಿದ್ದು ಯಾವತ್ತಂದ್ರಿ?"

"ಜೂನ್ ಹದಿನಾಲ್ಕು," ಎಂದರು ಅಧಿಕಾರಿ.

"ನನ್ನ ಕೂತುರ್ನ, ನಾಗವೇಣೀನ, ನಾನು ಹಾಸ್ಟೆಲಿಗೆ ಬಿಟ್ಟಿದ್ದು ಹದಿನಾರಕ್ಕೆ. ಸೋಮವಾರ. ಟ್ರಂಕು ನಾನೇ ಹೊತ್ಕೊಂಡು ಹೋಗಿದ್ದೆ." ಅವನು ಸುಬ್ರಹ್ಮಣ್ಯನನ್ನು ನೋಡಿದ, ಕೋದಂಡರಾಮಪ್ಪನನ್ನು ನೋಡಿದ. "ಒಂದು ಮಾತು ಹೇಳಿದ್ರೆ ಮನೆಗೆ ವಾಪಸ್ ಕರ್ಕೊಂಡು ಹೋಗ್ತಿದ್ದೆ."

ವೆಂಕಟ್ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಅಧಿಕಾರಿ ಪೊಲೀಸ್ ಠಾಣೆಗೆ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರನ್ನೂ ಜೀಪಿನಲ್ಲಿ ಕರೆದೊಯ್ದರು. ಅಧ್ಯಕ್ಷನ ಸ್ವಂತ ಜೀಪು ಖಾಲಿಯಾಗಿ ಅಲ್ಲೇ ನಿಂತಿತು.

ಮುನಿರಾಮಪ್ಪ ಹೊರಡಲಿಲ್ಲ. ಪವಿತ್ರಳ ಎದುರಿಗೆ ಬಂದು ನಿಂತ. "ಬಸ್ ಸ್ಟ್ಯಾಂಡಲ್ಲಿ ಸಗಣಿ ಎಸೆದೋನು ನನ್ನ ತಮ್ಮ. ನಾನೇ ಹೇಳಿದ್ದೆ, ಎಸಿ ಅಂತ. ತಪ್ಪಾಯ್ತಮ್ಮ."

ಪವಿತ್ರಳ ಸಿಟ್ಟು ಇನ್ನೂ ಕ್ಷಮಿಸುವಷ್ಟು ಇಳಿದಿರಲಿಲ್ಲ. ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕುಳಿತು, ಹೊಸ ಪುಟ ತೆರೆದು, ಅಧಿಕಾರಿಯ ಎದುರಿಗೇ ತುಂಬಿದಳು. ತಾಯಲೂರು ಹಾಸ್ಟೆಲ್. ನೀರು ಬಂದದ್ದು ಜೂನ್ 12. ಮಲದ ಕ್ರಿಮಿ ಇದೆ. ಕುಡಿಯಲು ಯೋಗ್ಯವಲ್ಲ. ಉಳಿಸಿದೊಡನೆ ಮೇಲ್ಗಡೆ ಐದು ಬೋಗಿಯ ಹೊಸ ನಂಬರು ಬಂದು ನಿಂತಿತು.

ಮುನಿರಾಮಪ್ಪ ಬಗ್ಗಿ ನೋಡಿದ. ರಾಧಮ್ಮನವರ ಪಟ್ಟಿಯಲ್ಲಿದ್ದ ಅಳಿಸಿದ ನಂಬರಿನ ಮೇಲೆ ಬೆರಳಿಟ್ಟು ಕೇಳಿದ, "ಆ ಹಳೇ ನಂಬರೇ ಹಾಕಮ್ಮ. ಅವಳು ಹಾಸ್ಟೆಲಿಗೆ ಸೇರೋಕೆ ಮುಂಚೆ ಹಾಕಿದ್ಯಲ್ಲ, ಅದು."

"ಬರಲ್ಲಣ್ಣ," ಎಂದಳು ಪವಿತ್ರ. ಸಿಟ್ಟು ಅಲ್ಲಿಗೆ ಕರಗಿ ಅಳು ಬಂತು. "ಅದು ಒಂದೇ ಸಲ ಹುಟ್ಟೋದು. ಹೋದ್ರೆ ಮತ್ತೆ ಬರಲ್ಲ."

ಅವನು ತಲೆಯಾಡಿಸಿ, ಹೆಗಲ ಮೇಲಿನ ಟವಲನ್ನು ಕೊಡವಿಕೊಂಡು, ದೇವರಾಯಸಮುದ್ರದ ಬಸ್ಸಿಗೆ ಹೊರಟ.